ಗಂಡಸರ ಪಾಳಿ

ಶುಕ್ರವಾರ ಬೆಳಿಗ್ಗೆ ಕಾರು ಓಡಿಸುತ್ತಿದ್ದವಳು ಮೆರ್ವಿ. ಪಕ್ಕದಲ್ಲಿ ಅವಳ ಗಂಡ ರೈಮೊ ತೊಡೆಯ ಮೇಲೆ ಕೇಕಿನ ಡಬ್ಬಿ ಇಟ್ಟುಕೊಂಡು, ಎರಡೂ ಕೈಯಲ್ಲಿ ಅದನ್ನು ಹಿಡಿದು ಕುಳಿತಿದ್ದ. ಮಾರ್ಚ್ ಬಂದಿದ್ದರೂ ಸರೋವರ ಇನ್ನೂ ಹೆಪ್ಪುಗಟ್ಟಿಯೇ ಇತ್ತು. ರಸ್ತೆಯ ಮೇಲಿನ ಹಿಮ ತುಳಿದು ತುಳಿದು ಕಲ್ಲಾಗಿತ್ತು.

"ನಿಧಾನಕ್ಕೆ ಓಡಿಸು. ಕ್ರೀಮೆಲ್ಲ ಡಬ್ಬಿಗೆ ಮೆತ್ಕೊಳ್ಳುತ್ತೆ," ಎಂದ ರೈಮೊ.

"ನಿಧಾನಕ್ಕೇ ಓಡಿಸ್ತಿದ್ದೀನಿ. ನೀನು ಡಬ್ಬೀನ ಹಾಗೆ ಹಿಸುಕಬೇಡ."

ಹಿಸುಕುತ್ತಿದ್ದದ್ದು ನಿಜ. ಅದು ಅವನಿಗೆ ಗೊತ್ತೇ ಆಗಿರಲಿಲ್ಲ.

ನಮ್ಮ ಕಡೆ ಒಳ್ಳೆಯ ಸುದ್ದಿ ಯಾರದೋ ಅವರೇ ಕೇಕು ತರಬೇಕು. ಈ ಸಲದ ಸುದ್ದಿ ಮೆರ್ವಿಯದು. ಗಂಡ ಹೆಂಡತಿ ಇಬ್ಬರೂ ಊರಂಚಿನ ಸಾಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಕೊಯ್ದ ಹಸಿ ಹಲಗೆಗಳನ್ನು ಬಿಸಿಗಾಳಿಯಲ್ಲಿ ಒಣಗಿಸುವ ದೊಡ್ಡ ದೊಡ್ಡ ಕೋಣೆಗಳು ಅಲ್ಲಿವೆ. ಅವುಗಳನ್ನು ನೋಡಿಕೊಳ್ಳುತ್ತಿದ್ದ ಮುದುಕ ನಿವೃತ್ತನಾದ ಮೇಲೆ ಆ ಮೇಲ್ವಿಚಾರಣೆ ಯಾರಿಗೆ ಎಂಬ ಪ್ರಶ್ನೆ ಎದ್ದಿತ್ತು. ಹಲಗೆಗಳನ್ನು ಲೋಡರಿನಲ್ಲಿ ಕೋಣೆಗೆ ತುಂಬುವವನು, ಇಳಿಸುವವನು ರೈಮೊ. ವರ್ಷಾನುಗಟ್ಟಲೆ ಅದನ್ನೇ ಮಾಡಿದ್ದರಿಂದ ಆ ಜಾಗ ತನ್ನದೇ ಎಂದು ಅವನು ಲೆಕ್ಕ ಹಾಕಿಬಿಟ್ಟಿದ್ದ. ಮೆರ್ವಿ ಹಲಗೆಗಳ ಗುಣ ನೋಡಿ ವಿಂಗಡಿಸುವ ವಿಭಾಗದಲ್ಲಿದ್ದಳು. ಎರಡು ಚಳಿಗಾಲ ಸಂಜೆ ತರಗತಿಗೆ ಹೋಗಿ ಮರ ಒಣಗಿಸುವುದನ್ನು ಓದಿದಳು, ಪರೀಕ್ಷೆ ಕಟ್ಟಿದಳು, ಅರ್ಜಿ ಹಾಕಿದಳು. ರೈಮೊ ಅರ್ಜಿಯನ್ನೇ ಹಾಕಲಿಲ್ಲ. ಕರೆದು ಕೊಡುತ್ತಾರೆ ಎಂದು ಕಾದ. ಬೇಸಿಗೆಯ ತನಕ ಅವಳ ಕೆಲಸ ನೋಡಿ ಆಮೇಲೆ ಖಾಯಂ ಮಾಡುತ್ತೇವೆ ಎಂದು ಮಿಲ್ಲಿನವರು ಮೆರ್ವಿಗೇ ಕೊಟ್ಟರು.

ಅಂದಿನಿಂದ ರೈಮೊನ ಹೊಟ್ಟೆಯೊಳಗೆ ಕೆಂಡ ಬಿದ್ದಿತ್ತು. ಹೊರಗಿನವರಾಗಿದ್ದರೆ ನಾಲ್ಕು ಮಾತು ಬೈದು ಹಗುರಾಗಬಹುದಿತ್ತು. ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಎಂದು ಯಾರ ಹತ್ತಿರ ಹೇಳಿಕೊಳ್ಳುವುದು? ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಕಾಫಿ ಕೋಣೆಯಲ್ಲಿ ಕೇಕು ಕತ್ತರಿಸುವ ಹೊತ್ತಿಗೆ ಗರಗಸ ನಡೆಸುವ ಪೆಂತಿ ಶುರುಮಾಡಿದ. ಬಾಯಿ ಮುಚ್ಚಿಕೊಂಡಿದ್ದರೆ ಅವನು ಪೆಂತಿಯೇ ಅಲ್ಲ.

"ರೈಮೊ, ಇನ್ಮೇಲೆ ಮನೇಲಿ ರಜೆ ಬೇಕಾದ್ರೂ ಅವಳನ್ನೇ ಕೇಳ್ಬೇಕು, ಮಿಲ್ಲಲ್ಲಿ ಬೇಕಾದ್ರೂ ಅವಳನ್ನೇ ಕೇಳ್ಬೇಕು. ಎರಡು ಕಡೆ ಅರ್ಜಿ ಹಾಕೋ ಕಷ್ಟ ತಪ್ತು ಬಿಡು!"

ಎಲ್ಲರೂ ನಕ್ಕರು. ರೈಮೊನೂ ಹಲ್ಲು ಬಿಟ್ಟ. ವಿಂಗಡಣೆಯ ಉಲ್ಲಾ ಮಾತ್ರ ಪೆಂತಿಯ ತಟ್ಟೆಗೆ ಎಲ್ಲಕ್ಕಿಂತ ತೆಳುವಾದ ತುಂಡು ಹಾಕಿ, "ನಿನಗಿಷ್ಟೇ. ನಾಲಿಗೆ ಆಗ್ಲೇ ಸಿಹಿಯಾಗಿದೆ," ಎಂದಳು.

"ನಿನ್ನ ಹೆಂಡತಿ ಜಾಣೆ ಕಣೋ, ಹೆಮ್ಮೆ ಆಗ್ಬೇಕು ನಿನಗೆ," ಎಂದು ಮಿಲ್ಲಿನ ಮುಖ್ಯಸ್ಥ ಕ್ಯೋಸ್ತಿ ರೈಮೊನ ಬೆನ್ನು ತಟ್ಟಿದ.

"ಆಗಿದೆ," ಎಂದ ರೈಮೊ. ಕೇಕಿನ ತಟ್ಟೆಯನ್ನು ಮೇಜಿನ ಮೇಲಿಟ್ಟ.

*

ಶುಕ್ರವಾರ ಮಧ್ಯಾಹ್ನ ಕೆಲಸ ಮುಗಿದ ಮೇಲೆ ಮಿಲ್ಲಿನ ಸೌನಾ, ಅಂದರೆ ಹಬೆಸ್ನಾನದ ಕೋಣೆ, ಕಾಯುತ್ತದೆ. ಉದುರಿದ ಮರದ ಚೂರುಗಳಿಗೆ ಅಲ್ಲಿ ಬರವಿಲ್ಲ. ಮೊದಲು ಗಂಡಸರ ಪಾಳಿ, ಅವರೆಲ್ಲ ಮುಗಿಸಿ ಹೋದ ಮೇಲೆ ಹೆಂಗಸರ ಪಾಳಿ. ಮಿಲ್ಲು ಶುರುವಾದಾಗ ಅಲ್ಲಿ ಹೆಂಗಸರೇ ಇರಲಿಲ್ಲವಾದ್ದರಿಂದ ಬಂದ ಕ್ರಮ. ಆಮೇಲೆ ಹೆಂಗಸರು ಬಂದರು, ಕ್ರಮ ಹಾಗೇ ಉಳಿಯಿತು. "ನಮ್ಮ ಪಾಳಿ ಬರೋ ಹೊತ್ತಿಗೆ ಬಿಸೀನೂ ಖಾಲಿ, ಸುದ್ದೀನೂ ಖಾಲಿ," ಎಂದು ಉಲ್ಲಾ ಹೇಳುತ್ತಿದ್ದಳು. ಗಂಡಸರು ಅದನ್ನು ತಮಾಷೆ ಎಂದುಕೊಂಡಿದ್ದರು.

ಅದು ತಮಾಷೆಯಾಗಿರಲಿಲ್ಲ. ಸೋಮವಾರದ ಸಭೆ ಎಂಬುದೊಂದು ಇತ್ತು, ಆದರೆ ಅದು ಕಾಫಿ ಕುಡಿಯಲು ಅಷ್ಟೇ. ಯಾವ ಆರ್ಡರು ಮೊದಲು, ಯಾವ ಯಂತ್ರ ಬದಲು, ಯಾರಿಗೆ ಯಾವ ಕೆಲಸ, ಎಲ್ಲವೂ ಶುಕ್ರವಾರ ಆ ಮರದ ಮೆಟ್ಟಿಲುಗಳ ಮೇಲೆ ಬೆತ್ತಲೆ ಕುಳಿತವರ ನಡುವೆ ತೀರ್ಮಾನವಾಗಿರುತ್ತಿತ್ತು. "ಕೋಟು ಹಾಕ್ಕೊಂಡವನು ಹತ್ತು ಸುಳ್ಳು ಹೇಳ್ತಾನೆ. ಬೆತ್ತಲೆ ಮನುಷ್ಯ ಸುಳ್ಳು ಹೇಳಲ್ಲ," ಎಂಬುದು ಕ್ಯೋಸ್ತಿಯ ನಂಬಿಕೆ. ಹೆಂಗಸರನ್ನು ದೂರ ಇಡಬೇಕೆಂಬ ದುರುದ್ದೇಶ ಅವನಿಗೆ ಇರಲಿಲ್ಲ. ಅವರು ಅಲ್ಲಿಲ್ಲ ಎಂಬುದೇ ಅವನ ತಲೆಗೆ ಹೋಗಿರಲಿಲ್ಲ, ಅಷ್ಟೇ.

ಅಂದು ಮೇಲಿನ ಮೆಟ್ಟಿಲಲ್ಲಿ ಕ್ಯೋಸ್ತಿ, ಪಕ್ಕದಲ್ಲಿ ರೈಮೊ, ಕೆಳಗೆ ಪೆಂತಿ ಮತ್ತು ಉಳಿದವರು. ಕ್ಯೋಸ್ತಿ ಕಾದ ಕಲ್ಲಿನ ಮೇಲೆ ಒಂದು ಸೌಟು ನೀರು ಎರಚಿದ. ಹಬೆ ಮೇಲೆದ್ದು ಕಿವಿ ಸುಟ್ಟಿತು. ಸ್ವಲ್ಪ ಹೊತ್ತು ಮೀನಿನ ಮಾತು ನಡೆಯಿತು. ಪೆಂತಿ ಹೆಪ್ಪುಗಟ್ಟಿದ ಸರೋವರಕ್ಕೆ ತೂತು ಕೊರೆದು ಹಿಡಿದ ಮೀನು ವಾರದಿಂದ ವಾರಕ್ಕೆ ಬೆಳೆಯುತ್ತಿತ್ತು.

"ಹಾಂ, ಮರೆತಿದ್ದೆ," ಎಂದ ಕ್ಯೋಸ್ತಿ. "ಆ ಕರಾವಳಿ ಕಡೆ ಗಿರಾಕಿ ಫೋನ್ ಮಾಡಿದ್ದ. ಇವತ್ತು ಮೂರನೇ ಕೋಣೆಗೆ ತುಂಬಿದ್ರಲ್ಲ ಪೈನ್ ಮರದ ಹಲಗೆ, ಅದು ಛಾವಣಿಗಲ್ಲವಂತೆ, ಕಿಟಕಿ ಮಾಡೋಕಂತೆ. ಇನ್ನೂ ಚೆನ್ನಾಗಿ ಒಣಗಬೇಕು. ಮಂಗಳವಾರ ತೆಗೀಬಾರ್ದು, ಗುರುವಾರ ಲಾರಿ ಬರೋ ತನಕ ಬಿಸಿ ಹಾಗೇ ಇರ್ಲಿ. ಮೆರ್ವಿಗೆ ಹೇಳ್ಬೇಕು."

"ಸೋಮವಾರ ಹೇಳಿದ್ರಾಯ್ತು," ಎಂದ ಯಾರೋ.

"ಸೋಮವಾರ ನಾನು ಊರಲ್ಲಿರಲ್ಲ, ಬುಧವಾರ ಬರೋದು. ಅದ್ಸರಿ, ಇವನಿದ್ದಾನಲ್ಲ!" ಕ್ಯೋಸ್ತಿ ರೈಮೊನ ಬೆವರು ಸುರಿಯುವ ಭುಜಕ್ಕೆ ತಟ್ಟಿದ. "ಒಂದೇ ಮನೆ, ಒಂದೇ ಹಾಸಿಗೆ. ನೀನೇ ಹೇಳಿಬಿಡು ರೈಮೊ."

"ಹೇಳ್ತೀನಿ."

"ಸರಿಯಾಗಿ ಹೇಳಪ್ಪ. ದಿಂಬಿನ ಹತ್ರ ಹೇಳಿದ್ರೆ ನಿದ್ದೆಗಣ್ಣಲ್ಲಿ ಕೇಳಿಸ್ಕೊಳ್ಳಲ್ಲ ಹೆಂಗಸರು," ಎಂದ ಪೆಂತಿ. "ಯಜಮಾನೀ ಅಂತ ಕೈ ಕಟ್ಕೊಂಡು ನಿಂತ್ಕೊಂಡು ಹೇಳು."

ಮತ್ತೆ ನಗು. ರೈಮೊನ ಕಿವಿ ಸುಟ್ಟದ್ದು ಈ ಸಲ ಹಬೆಯಿಂದಲ್ಲ. ಹೆಂಡತಿಯ ಕೆಲಸದ ಸಂದೇಶ ಹೊರುವ ಪೋಸ್ಟ್‌ಮ್ಯಾನ್ ಆಗಿಬಿಟ್ಟೆನಲ್ಲ ಎನ್ನಿಸಿತು. ಮೊದಲು ಕೇಕು ಹೊತ್ತದ್ದಾಯಿತು, ಈಗ ಇದು.

ಆದರೂ ಹೇಳಬಾರದು ಎಂದು ಅವನು ಆಗಲೇ ತೀರ್ಮಾನಿಸಿದ್ದನೆಂದರೆ ಅನ್ಯಾಯವಾದೀತು. ಕಾರಿನಲ್ಲಿ ಕಾಯುತ್ತಿದ್ದಾಗ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹೆಂಗಸರ ಪಾಳಿ ಮುಗಿಸಿ ಮೆರ್ವಿ ಒದ್ದೆ ಕೂದಲಿಗೆ ಉಣ್ಣೆಯ ಟೋಪಿ ಎಳೆದುಕೊಂಡು, ನಡುಗುತ್ತ ಬಂದು ಕುಳಿತಳು. ಕಾರಿನ ಹೀಟರಿಗೆ ಕೈ ಒಡ್ಡಿ ತನ್ನ ಯೋಚನೆಗಳನ್ನೆಲ್ಲ ಹೇಳತೊಡಗಿದಳು. ಅವಳ ಮುಖ ಹೊಳೆಯುತ್ತಿತ್ತು.

"ಮೊದಲ್ನೇದಾಗಿ, ಕೋಣೆ ತುಂಬೋ ರೀತಿ ಬದಲಾಯಿಸ್ಬೇಕು ರೈಮೊ. ಹಲಗೆ ಮಧ್ಯೆ ನೀನು ಬಿಡೋ ಸಂದು ಸಾಲಲ್ಲ. ಒಳಗಡೆ ಗಾಳಿ ಹೋಗಲ್ಲ."

"ಇಷ್ಟು ವರ್ಷ ಹಾಗೇ ತುಂಬಿದ್ದೀನಿ. ಯಾರೂ ಏನೂ ಅಂದಿಲ್ಲ."

"ಅದಕ್ಕೇ ಅಷ್ಟೊಂದು ಹಲಗೆ ಬಾಗ್ತಿದ್ವು. ನಾನು ವಿಂಗಡಿಸ್ತಾ ದಿನಾ ನೋಡ್ತಿದ್ದೆನಲ್ಲ."

ಅವಳು ಹೇಳಿದ್ದರಲ್ಲಿ ಕೊಂಕಿರಲಿಲ್ಲ. ಕೆಲಸದ ಮಾತು ಕೆಲಸದ ಮಾತಾಗಿ ಹೇಳಿದಳು. ಆದರೆ ರೈಮೊನ ನಾಲಿಗೆಯ ತುದಿಗೆ ಬಂದ ಮಾತು ಹಿಂದಕ್ಕೆ ಹೋಯಿತು. ಎಲ್ಲ ಗೊತ್ತಿದೆಯಲ್ಲ ಇವಳಿಗೆ, ಇದನ್ನೂ ಅವಳೇ ತಿಳಿದುಕೊಳ್ಳಲಿ ಎಂದು ಅವನು ಗಾಜಿನಾಚೆ ನೋಡುತ್ತ ಕುಳಿತ.

*

ಶನಿವಾರ ಸಂಜೆ ಮನೆಯ ಸೌನಾ. ಮದುವೆಯಾದಾಗಿನಿಂದ ಒಂದು ಶನಿವಾರವೂ ತಪ್ಪಿಸದೆ ಇಬ್ಬರೂ ಜೊತೆಗೆ ಕುಳಿತ ಜಾಗ ಅದು. ಜಗಳವಾಡಿದ ವಾರವೂ ಅಲ್ಲಿಗೆ ಬಂದರೆ ರಾಜಿಯಾಗುತ್ತಿತ್ತು. ರೈಮೊ ಒಲೆ ಹೊತ್ತಿಸಿದ, ಮೆರ್ವಿ ನೀರು ತುಂಬಿದಳು. ಇಬ್ಬರೂ ಮೇಲಿನ ಮೆಟ್ಟಿಲಲ್ಲಿ ಕುಳಿತು ಬೆವರು ಒರೆಸಿಕೊಂಡರು.

"ನಿನ್ನೆ ನಿಮ್ಮ ಪಾಳೀಲಿ ಏನು ಮಾತಾಡಿದ್ರು?" ಎಂದಳು ಮೆರ್ವಿ. "ಉಲ್ಲಾ ಹೇಳ್ತಿದ್ಲು, ಅಲ್ಲಿ ಏನಾಯ್ತು ಅಂತ ಕೇಳ್ಕೊ, ಇಲ್ದಿದ್ರೆ ನಿನ್ನ ಕೆಲಸ ನಿನಗೇ ಗೊತ್ತಾಗಲ್ಲ ಅಂತ."

ಅವಳೇ ಕೇಳಿದ್ದಳು. ಇದಕ್ಕಿಂತ ಸುಲಭವಾದ ಬಾಗಿಲು ಯಾರು ತೆರೆದುಕೊಡುತ್ತಾರೆ? ರೈಮೊ ಸೌಟು ಎತ್ತಿ ಕಲ್ಲಿನ ಮೇಲೆ ನೀರು ಎರಚಿದ. ಆ ಚುಂಯ್ ಶಬ್ದ ಅಡಗುವ ತನಕ ಉತ್ತರ ಕೊಡಬೇಕಾಗಿರಲಿಲ್ಲ.

"ಏನು ಮಾತಾಡ್ತಾರೆ? ಮೀನು."

"ಮೀನು ಅಷ್ಟೇನಾ?"

"ಮೀನು ಅಷ್ಟೇ."

ಮೆರ್ವಿ ನಕ್ಕು ಅವನ ಭುಜಕ್ಕೆ ತಲೆ ಒರಗಿಸಿದಳು. ಅವಳ ಒದ್ದೆ ಕೂದಲು ಅವನ ತೋಳಿಗೆ ಅಂಟಿಕೊಂಡಿತು. ಒಂದು ಗಳಿಗೆ ಹೇಳಿಬಿಡೋಣ ಎನ್ನಿಸಿತು. ಆಮೇಲೆ ಪೆಂತಿಯ ನಗು ನೆನಪಾಯಿತು, ಬಾಗಿದ ಹಲಗೆ ನೆನಪಾಯಿತು, ಬಾಯಿ ಮತ್ತೆ ಬೀಗ ಹಾಕಿಕೊಂಡಿತು.

ಮಂಗಳವಾರದ ತನಕವೂ ಕಾಲ ಮಿಂಚಿರಲಿಲ್ಲ. ಆ ಬೆಳಿಗ್ಗೆ ಮೆರ್ವಿ ಮೂರನೇ ಕೋಣೆಯ ಬಿಸಿ ಆರಿಸಿ ಬಾಗಿಲು ತೆಗೆಸಿದಳು. ಛಾವಣಿಯ ಮರಕ್ಕೆ ಬೇಕಾದಷ್ಟು ಒಣಗಿತ್ತು, ಅವಳ ಲೆಕ್ಕದಲ್ಲಿ ಯಾವ ತಪ್ಪೂ ಇರಲಿಲ್ಲ. ಲೋಡರಿನ ಮೇಲೆ ಕುಳಿತಿದ್ದವನು ರೈಮೊ. "ಇಳಿಸು!" ಎಂದು ಅವಳು ಕೈ ಬೀಸಿದಳು. ಅವನು ಇಳಿಸಿದ. ಒಂದೊಂದು ಕಟ್ಟನ್ನೂ ಎತ್ತುವಾಗ ಈಗ ಹೇಳಲೇ ಎಂದುಕೊಂಡ. ಕೋಣೆ ಖಾಲಿಯಾಯಿತು.

*

ಗುರುವಾರ ಗಿರಾಕಿಯ ಮನುಷ್ಯ ಬಂದು ತೇವ ಅಳೆಯುವ ಮೀಟರಿನ ಮುಳ್ಳನ್ನು ನಾಲ್ಕಾರು ಹಲಗೆಗೆ ಚುಚ್ಚಿ ನೋಡಿ, ತಲೆಯಾಡಿಸಿ, ಖಾಲಿ ಲಾರಿಯಲ್ಲಿ ವಾಪಸು ಹೊರಟ. ಇನ್ನೊಂದು ಸಲ ಹೀಗಾದರೆ ಬೇರೆ ಮಿಲ್ಲು ನೋಡಿಕೊಳ್ಳುತ್ತೇವೆ ಎಂದು ಹೋಗುವಾಗ ಹೇಳಿದ. ಕ್ಯೋಸ್ತಿ ಕೆಂಪು ಮುಖ ಮಾಡಿಕೊಂಡು ಮೆರ್ವಿಯನ್ನು ಕಚೇರಿಗೆ ಕರೆದ. ಹಿಂದೆಯೇ ರೈಮೊಗೂ ಕರೆ ಬಂತು.

"ಗುರುವಾರದ ತನಕ ಒಣಗ್ಲಿ ಅಂದಿದ್ದೆ. ಮಂಗಳವಾರವೇ ಯಾಕೆ ತೆಗೆದೆ?" ಎಂದ ಕ್ಯೋಸ್ತಿ.

"ಯಾರಿಗೆ ಅಂದಿದ್ದೆ?" ಎಂದಳು ಮೆರ್ವಿ.

"ಶುಕ್ರವಾರ ಎಲ್ಲರ ಎದುರಿಗೂ ಅಂದೆ. ಸೌನಾದಲ್ಲಿ."

"ಎಲ್ಲರ ಎದುರಿಗಾ? ನಾನಿದ್ನಾ ಅಲ್ಲಿ?"

"ನೀನು ಹೇಗಿರ್ತೀಯ? ರೈಮೊಗೆ ಹೇಳಿ ಕಳಿಸಿದ್ದೆ." ಕ್ಯೋಸ್ತಿ ತಿರುಗಿದ. "ಏನಪ್ಪ, ಹೇಳಿದ್ದೆಯೋ ಇಲ್ಲವೋ?"

ಇಲ್ಲ ಎಂದರೆ ಎಲ್ಲರ ಕಣ್ಣಲ್ಲಿ ಸಣ್ಣವನಾಗಬೇಕು. ಮರೆತೆ ಎಂದಿದ್ದರೂ ನಡೆಯುತ್ತಿತ್ತು. ಆದರೆ ರೈಮೊನ ಕಣ್ಣು ಆ ಹೊತ್ತಿನಲ್ಲಿ ಗೋಡೆಯ ಮೊಳೆಗೆ ಹೋಯಿತು. ಒಣಕೋಣೆಗಳ ಬೀಗದ ಕೈಗೊಂಚಲು ಅಲ್ಲಿ ನೇತಾಡುತ್ತಿತ್ತು.

"ಹೇಳಿದ್ದೆ," ಎಂದ.

ಮೆರ್ವಿ ಅವನನ್ನು ನೋಡಿದಳು. ಸಿಟ್ಟಿನಿಂದಲ್ಲ, ಯಾರೋ ಅಪರಿಚಿತರನ್ನು ನೋಡುವ ಹಾಗೆ.

"ನನಗೆ ಹೇಳಿಲ್ಲ," ಎಂದಳು.

"ಅವನು ಹೇಳಿದೆ ಅಂತಾನೆ, ನೀನು ಇಲ್ಲ ಅಂತೀಯ. ನಾನು ಯಾರನ್ನ ನಂಬ್ಲಿ?" ಕ್ಯೋಸ್ತಿ ಹಣೆ ಒತ್ತಿಕೊಂಡ. "ನೋಡಿ, ಗಂಡ ಹೆಂಡತಿ ಜಗಳಾನ ಮಿಲ್ಲಿಗೆ ತರಬೇಡಿ."

"ಇದು ಗಂಡ ಹೆಂಡತಿ ಜಗಳ ಅಲ್ಲ ಕ್ಯೋಸ್ತಿ. ನನ್ನ ಕೆಲಸ. ನನ್ನ ಕೆಲಸದ ಮಾತನ್ನ ನನಗೇ ಯಾಕೆ ಹೇಳಲಿಲ್ಲ? ನನ್ನ ಹತ್ರ ಫೋನಿಲ್ವಾ? ಪೆಂತಿಗೆ ಏನಾದ್ರೂ ಹೇಳ್ಬೇಕಾದ್ರೆ ಅವನ ಹೆಂಡತಿ ಹತ್ರ ಹೇಳಿ ಕಳಿಸ್ತೀಯಾ?"

ಉತ್ತರ ಹೊಳೆಯದಿದ್ದಾಗ ಮನುಷ್ಯರು ಅಧಿಕಾರ ತೋರಿಸುತ್ತಾರೆ, ಕ್ಯೋಸ್ತಿಯೂ ತೋರಿಸಿದ. ಸೋಮವಾರದಿಂದ ಸದ್ಯಕ್ಕೆ ರೈಮೊ ಕೋಣೆಗಳನ್ನು ನೋಡಿಕೊಳ್ಳಲಿ, ಮೆರ್ವಿ ವಿಂಗಡಣೆಗೆ ವಾಪಸು ಹೋಗಲಿ, ಮುಂದಿನದ್ದು ಮುಂದೆ ನೋಡೋಣ ಎಂದ. ಮೆರ್ವಿ ಕೈಗವಸು ಹಾಕಿಕೊಂಡು ಹೊರಗೆ ಹೋದಳು.

ಮನೆಯಲ್ಲಿ ರಂಪವಾಗುತ್ತದೆ ಎಂದು ರೈಮೊ ಕಾದ. ಆಗಲಿಲ್ಲ. ಬಟಾಣಿ ಸಾರು ಬಡಿಸುವಾಗ ಮೆರ್ವಿ ಒಂದೇ ಒಂದು ಮಾತು ಕೇಳಿದಳು.

"ಯಾವಾಗ ಹೇಳಿದ್ದೆ ಅಂತ ನನಗೂ ಹೇಳು ರೈಮೊ. ನೆನಪು ಮಾಡ್ಕೊಳ್ತೀನಿ."

ಅವನು ರೊಟ್ಟಿಗೆ ಬೆಣ್ಣೆ ಸವರುತ್ತಲೇ ಇದ್ದ.

ಶನಿವಾರ ಸಂಜೆ ಟವೆಲು ಹೆಗಲಿಗೆ ಹಾಕಿಕೊಂಡು ಸೌನಾದ ಕಡೆ ಹೋದವನು ಬಾಗಿಲ ಮುಂದೆ ನಿಂತುಬಿಟ್ಟ. ಪೈನಿನ ಒಂದು ತುಂಡು ಹಲಗೆಗೆ ದಾರ ಕಟ್ಟಿ ಹಿಡಿಕೆಗೆ ನೇತುಹಾಕಿತ್ತು. ಅದರ ಮೇಲೆ ದಪ್ಪ ಪೆನ್ನಿನಲ್ಲಿ ಎರಡೇ ಸಾಲು. 'ಹೆಂಗಸರ ಪಾಳಿ ಐದಕ್ಕೆ. ಗಂಡಸರ ಪಾಳಿ ಎಂಟಕ್ಕೆ.'

"ಮೆರ್ವಿ, ಏನಿದು?"

"ಮಿಲ್ಲಿನ ಕ್ರಮ," ಎಂದಿತು ಒಳಗಿನ ದನಿ. "ನಿಮಗೆಲ್ಲ ಅದೇ ಇಷ್ಟ ಅಲ್ವಾ?"

"ಇದು ಮನೆ ಕಣೇ."

"ಹೌದಾ? ನನ್ನ ಮನೇಲಿ ಯಾರೂ ನನ್ನ ಹತ್ರ ಸುಳ್ಳು ಹೇಳ್ತಿರಲಿಲ್ಲ."

ಎಂಟಕ್ಕೆ ರೈಮೊ ಒಳಗೆ ಹೋದಾಗ ಒಲೆಯಲ್ಲಿ ಬೂದಿ ಇತ್ತು. ಮೆಟ್ಟಿಲು ಒದ್ದೆ. ಬಕೆಟಿನಲ್ಲಿ ತಳ ಮುಚ್ಚುವಷ್ಟು ನೀರು. ಅದನ್ನೇ ಕಲ್ಲಿಗೆ ಎರಚಿದ. ಕಲ್ಲು ಚುಂಯ್ ಅನ್ನಲೂ ಇಲ್ಲ. ಮತ್ತೆ ಸೌದೆ ತುಂಬಲು ಅವನಿಗೆ ಮನಸ್ಸಾಗಲಿಲ್ಲ. ಮೈ ಮೇಲೆ ಟವೆಲು ಸುತ್ತಿಕೊಂಡು ಕುಳಿತವನಿಗೆ ಉಲ್ಲಾಳ ಮಾತು ನೆನಪಾಯಿತು, ಬಿಸೀನೂ ಖಾಲಿ, ಸುದ್ದೀನೂ ಖಾಲಿ. ಇಷ್ಟು ವರ್ಷ ಪ್ರತಿ ಶುಕ್ರವಾರ ಮೆರ್ವಿ ಕಾರಿಗೆ ನಡುಗುತ್ತ ಬಂದು ಹೀಟರಿಗೆ ಕೈ ಒಡ್ಡುತ್ತಿದ್ದಳು. ಯಾಕೆ ನಡುಗುತ್ತೀಯ ಎಂದು ಅವನು ಒಮ್ಮೆಯೂ ಕೇಳಿರಲಿಲ್ಲ.

*

ಮರುವಾರ ಕೈಗೊಂಚಲು ರೈಮೊನ ಸೊಂಟದಲ್ಲಿತ್ತು. ಬೇಕಾಗಿದ್ದದ್ದು ಸಿಕ್ಕಿತ್ತಲ್ಲ, ಖುಷಿಯಾಗಿರಬೇಕಿತ್ತು. ಆದರೆ ಯಾರಾದರೂ ಪಿಸುಗುಟ್ಟಿದರೆ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಉಲ್ಲಾ ಅವನಿಗೆ ಕಾಫಿ ಸುರಿಯುವುದನ್ನು ನಿಲ್ಲಿಸಿದಳು. ಕೋಣೆ ತುಂಬಿಸುವಾಗ, ಯಾರಿಗೂ ಹೇಳದೆ, ಮೆರ್ವಿ ಹೇಳಿದ್ದಷ್ಟೇ ಸಂದು ಬಿಡಿಸಿದ. ಬಂದ ಹಲಗೆಗಳು ನೆಟ್ಟಗಿದ್ದವು. ಅವನ್ನು ನೋಡಿ ಹೊಟ್ಟೆ ಮತ್ತೊಂದು ಸಲ ಉರಿಯಿತು, ಯಾಕೆಂದರೆ ಅವಳು ಹೇಳಿದ್ದು ಸರಿಯಾಗಿತ್ತು. ಅದೇ ಹಲಗೆಗಳನ್ನು ಅತ್ತ ಮೆರ್ವಿ ವಿಂಗಡಿಸಿದಳು. ಒಂದನ್ನು ಎತ್ತಿ, ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ, ಕೆಳಗಿಟ್ಟಳು. ಅವನ ಕಡೆ ತಿರುಗಲಿಲ್ಲ.

ಶುಕ್ರವಾರ ಬಂತು. ಗಂಡಸರ ಪಾಳಿ. ಕ್ಯೋಸ್ತಿ ನೀರು ಎರಚಿ, ತೃಪ್ತಿಯಿಂದ ಉಸಿರು ಬಿಟ್ಟು ಶುರುಮಾಡಿದ.

"ರೈಮೊ, ವಾರವೆಲ್ಲ ನೋಡಿದೆ. ಹಲಗೆ ಇಷ್ಟು ನೆಟ್ಟಗೆ ಯಾವತ್ತೂ ಬಂದಿರಲಿಲ್ಲ. ಸುತ್ತಿ ಬಳಸಿ ಯಾಕೆ ಮಾತಾಡೋದು, ನಿನ್ನನ್ನೇ ಖಾಯಂ ಮಾಡಿಬಿಡ್ತೀನಿ. ಮೆರ್ವಿ ಒಳ್ಳೆಯವಳು, ಆದ್ರೆ ಮಾತು ಕಿವಿಗೆ ಹಾಕ್ಕೊಳ್ಳಲ್ಲ. ಏನಂತೀರೋ ಎಲ್ರೂ?"

"ಮನೇಲಿ ಊಟ ಹಾಕ್ತಾಳಾ ಅಂತ ಮೊದಲು ಕೇಳು," ಎಂದ ಪೆಂತಿ.

ಎಲ್ಲರೂ ನಕ್ಕರು. ರೈಮೊ ನಗಲಿಲ್ಲ. ತಾನು ವರ್ಷಗಟ್ಟಲೆ ಕಾದ ಮಾತು ಕಿವಿಗೆ ಬಿದ್ದಿತ್ತು. ಅದೂ ಕರೆದು ಕೊಟ್ಟದ್ದೇ, ಅವನು ಆಸೆಪಟ್ಟ ಹಾಗೆಯೇ. ಹೌದು ಅಂದುಬಿಡು ಎಂದು ಹೊಟ್ಟೆಯೊಳಗಿನ ಕೆಂಡ ಹೇಳಿತು. ಆದರೆ ಆ ನೆಟ್ಟಗಿನ ಹಲಗೆಗಳ ಹೊಗಳಿಕೆ ಕೂಡ ಅವಳಿಗೇ ಸಲ್ಲಬೇಕಿತ್ತು, ಮತ್ತು ಅದನ್ನು ಕೇಳಲು ಅವಳು ಅಲ್ಲಿರಲಿಲ್ಲ. ಇಲ್ಲಿ ಅವಳಿಂದ ಏನು ಕಿತ್ತುಕೊಂಡರೂ ತಡೆಯಲು ಅವಳು ಇರುವುದಿಲ್ಲ ಎಂಬುದು ಅವನಿಗೆ ಮೊದಲ ಸಲ ಹೊಳೆಯಿತು.

"ಕ್ಯೋಸ್ತಿ, ಬೆತ್ತಲೆ ಮನುಷ್ಯ ಸುಳ್ಳು ಹೇಳಲ್ಲ ಅಂತೀಯಲ್ಲ," ಎಂದ.

"ಹೌದು ಮತ್ತೆ."

"ನಾನು ಹೇಳಿದ್ದೀನಿ. ಆ ಶನಿವಾರ ಮನೇಲಿ ಹೀಗೇ ಕೂತಿದ್ದೆ. ಶುಕ್ರವಾರ ಏನು ಮಾತಾಡಿದ್ರು ಅಂತ ಅವಳಾಗೇ ಕೇಳಿದ್ಲು. ಮೀನಿನ ಮಾತು ಅಷ್ಟೇ ಅಂದೆ. ಆಮೇಲೆ ನಿನ್ನ ಕಚೇರೀಲಿ ಬಟ್ಟೆ ಹಾಕ್ಕೊಂಡೂ ಸುಳ್ಳು ಹೇಳಿದೆ. ನಾನು ಅವಳಿಗೆ ಹೇಳೇ ಇಲ್ಲ."

ಕೆಳಗಿನ ಮೆಟ್ಟಿಲಿನವರೆಲ್ಲ ತಿರುಗಿ ಮೇಲೆ ನೋಡಿದರು.

"ಯಾಕೋ?" ಎಂದ ಕ್ಯೋಸ್ತಿ.

"ಹೊಟ್ಟೆಕಿಚ್ಚು. ಇನ್ಯಾಕೆ?"

ಪೆಂತಿ ಬಾಯಿ ತೆರೆದ, ಏನೂ ಸಿಗದೆ ಮುಚ್ಚಿದ. ಬಹುಶಃ ಜೀವಮಾನದಲ್ಲೇ ಮೊದಲ ಸಲ.

"ಸಂದು ಬಿಟ್ಟು ತುಂಬೋದು ಅವಳ ಯೋಚನೆ," ಎಂದು ರೈಮೊ ಮೆಟ್ಟಿಲಿಳಿದ. "ಉಳಿದದ್ದು ಇಲ್ಲಿ ಮಾತಾಡೋದು ಬೇಡ. ಅವಳ ಕೆಲಸದ ಮಾತು, ಅವಳಿರೋ ಕಡೆ ಮಾತಾಡು. ನಾನು ಹೋಗಿ ಹೇಳ್ತೀನಿ, ನೀನು ಬಟ್ಟೆ ಹಾಕ್ಕೊಂಡು ಬಾ."

ಬಟ್ಟೆ ಹಾಕಿಕೊಳ್ಳಲು ಅವನೇ ನಿಲ್ಲಲಿಲ್ಲ. ನಿಂತರೆ ಧೈರ್ಯ ಆರಿಹೋಗುತ್ತದೆ ಎಂದು ಗೊತ್ತಿತ್ತು. ಸೊಂಟಕ್ಕೆ ಟವೆಲು, ಕಾಲಿಗೆ ರಬ್ಬರ್ ಬೂಟು, ಕೈಯಲ್ಲಿ ಕೈಗೊಂಚಲು. ಹಿಮದ ಅಂಗಳ ದಾಟಿ, ಮೈಯಿಂದ ಹಬೆ ಏಳುತ್ತಿದ್ದ ಹಾಗೆಯೇ ಕಾಫಿ ಕೋಣೆಯ ಬಾಗಿಲು ನೂಕಿದ. ತಮ್ಮ ಪಾಳಿಗೆ ಕಾಯುತ್ತ ಉಲ್ಲಾ, ಮೆರ್ವಿ ಏಲಕ್ಕಿ ಬನ್ನು ತಿನ್ನುತ್ತ ಕುಳಿತಿದ್ದರು.

"ಅಯ್ಯಯ್ಯೋ!" ಎಂದಳು ಉಲ್ಲಾ. "ಇಷ್ಟು ವರ್ಷ ಸುದ್ದಿ ಬರ್ಲಿಲ್ಲ, ಈಗ ಸುದ್ದಿಗಾರನೇ ಬಂದ. ಅದೂ ಈ ವೇಷದಲ್ಲಿ!"

ರೈಮೊ ಹೆಂಡತಿಯ ಮುಂದೆ ಕೈಗೊಂಚಲು ಇಟ್ಟ. ಹಲ್ಲು ಕಟಕಟ ಅನ್ನುತ್ತಿತ್ತು.

"ಕ್ಯೋಸ್ತಿಗೆ ಹೇಳಿದೆ. ನಿನಗೆ ಹೇಳಿರಲಿಲ್ಲ ಅಂತ. ಎಲ್ಲರ ಎದುರಿಗೂ. ಅವನು ಬರ್ತಿದ್ದಾನೆ, ನಿನ್ನ ಹತ್ರ ಮಾತಾಡೋಕೆ."

ಮೆರ್ವಿ ಬನ್ನು ಕೆಳಗಿಟ್ಟಳು. ಅವನನ್ನು ಮೇಲಿಂದ ಕೆಳಗಿನ ತನಕ ನೋಡಿದಳು. ಕಣ್ಣು ತುಂಬಿತ್ತೋ ಏನೋ, ದನಿ ಮಾತ್ರ ಗಡುಸಾಗಿಯೇ ಇತ್ತು.

"ಹೋಗಿ ಬಟ್ಟೆ ಹಾಕ್ಕೊ. ನಿನಗೆ ಜ್ವರ ಬಂದ್ರೆ ಸೋಮವಾರ ನನಗೆ ಲೋಡರ್ ಯಾರು ಓಡಿಸ್ತಾರೆ?"

ಕ್ಯೋಸ್ತಿ ಬಂದ. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದ, ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಕ್ಷಮೆ ಕೇಳುವ ಅಭ್ಯಾಸ ನಮ್ಮ ಕಡೆಯ ಗಂಡಸರಿಗೆ ಕಡಿಮೆ. ಅವನು ಮೊದಲು ಮೆರ್ವಿಯ ಲೋಟಕ್ಕೆ ಕಾಫಿ ಸುರಿದ, ಆಮೇಲೆ ಉಲ್ಲಾಳದಕ್ಕೆ, ಕೊನೆಗೆ ತನ್ನದಕ್ಕೆ.

"ನಾನು ಯಾವತ್ತೂ ನಿಮ್ಮನ್ನ ಬಿಟ್ಟು ಮಾಡ್ಬೇಕು ಅಂತ ಮಾಡಿಲ್ಲ," ಎಂದ.

"ಗೊತ್ತು," ಎಂದಳು ಮೆರ್ವಿ. "ಆದ್ರೆ ಬಿಟ್ಟೇ ಮಾಡಿದ್ದೀಯ."

ಅವನು ಫೋನು ತೆಗೆದು ಮೇಜಿನ ಮೇಲಿಟ್ಟ. "ಗಿರಾಕಿ ಹಲಗೆ ಇನ್ನೊಂದು ಸಲ ಒಣಗಿಸಿ ಕೊಡಿ ಅಂದಿದ್ದಾನೆ. ಯಾವತ್ತು ಕೊಡಬಹುದು? ಹೇಳು, ನಿನ್ನೆದುರಿಗೇ ಫೋನ್ ಮಾಡ್ತೀನಿ."

ಮೆರ್ವಿ ಕೈಗೊಂಚಲನ್ನು ಎತ್ತಿ ಜೇಬಿಗೆ ಹಾಕಿಕೊಂಡು ಲೆಕ್ಕ ಹೇಳತೊಡಗಿದಳು. ಅವರ ಮಾತು ಮುಗಿಯುವ ಹೊತ್ತಿಗೆ ಮಿಲ್ಲಿನ ಸೌನಾ ತಣ್ಣಗಾಗಿತ್ತು. ಅಂದು ಯಾರಿಗೂ ಬಿಸಿ ಸಿಗಲಿಲ್ಲ.

ಅದಾದ ಮೇಲೆ ಶುಕ್ರವಾರದ ಮಾತು ಕಾಫಿ ಕೋಣೆಗೆ ಬಂತು, ಎಲ್ಲರೂ ಬಟ್ಟೆ ಹಾಕಿಕೊಂಡು ಕೂರುವ ಮೇಜಿಗೆ. ಸೌನಾದ ಪಾಳಿಯೂ ಒಂದು ವಾರ ಇವರು ಮೊದಲು, ಮರುವಾರ ಅವರು ಮೊದಲು ಎಂದಾಯಿತು. ಪೆಂತಿ ಗೊಣಗಿದ, ಒಂದು ಶುಕ್ರವಾರ ತಣ್ಣಗಿನ ಕಲ್ಲಿಗೆ ನೀರು ಎರಚಿ ನೋಡಿದ, ಆಮೇಲೆ ಸುಮ್ಮನಾದ.

ಮನೆಯ ಬಾಗಿಲಿನ ಹಲಗೆ ಮಾತ್ರ ಅಷ್ಟು ಬೇಗ ಇಳಿಯಲಿಲ್ಲ. ಮುಂದಿನ ಶನಿವಾರವೂ ಇತ್ತು, ಅದರ ಮುಂದಿನ ಶನಿವಾರವೂ ಇತ್ತು. ರೈಮೊ ಎಂಟಕ್ಕೆ ಹೋಗಿ ಬೂದಿಯ ಪಕ್ಕ ಕುಳಿತು ಬರುತ್ತಿದ್ದ. ಕಾರಿನಲ್ಲಿ ಮಾತು ಮೊದಲಿನಷ್ಟು ಇರಲಿಲ್ಲ, ಆದರೆ ಇದ್ದಷ್ಟು ನಿಜವಾಗಿತ್ತು. ಮೇ ತಿಂಗಳಲ್ಲಿ ಸರೋವರದ ಹೆಪ್ಪು ಒಡೆಯಿತು. ಮೆರ್ವಿಯ ಕೆಲಸ ಖಾಯಂ ಆಯಿತು. ಆ ಶುಕ್ರವಾರ ಮತ್ತೆ ಕೇಕು, ಮತ್ತೆ ರೈಮೊನ ತೊಡೆಯ ಮೇಲೆ ಡಬ್ಬಿ.

ಮರುದಿನ ಎಂಟಕ್ಕೆ ಅವನು ಸೌನಾದ ಹತ್ತಿರ ಹೋದಾಗ ಹಿಡಿಕೆಯ ಮೇಲೆ ಹಲಗೆ ಇರಲಿಲ್ಲ. ಚಿಮಣಿಯಲ್ಲಿ ಹೊಗೆ ದಟ್ಟವಾಗಿತ್ತು. ಬಾಗಿಲು ತೆರೆದರೆ ಬಿಸಿ ಮುಖಕ್ಕೆ ಹೊಡೆಯಿತು. ಮೇಲಿನ ಮೆಟ್ಟಿಲಲ್ಲಿ ಮೆರ್ವಿ ಕುಳಿತಿದ್ದಳು.

"ಬಾಗಿಲು ಹಾಕು, ಬಿಸಿ ಹೋಗುತ್ತೆ."

"ಹಲಗೆ ಎಲ್ಲಿ?"

"ಒಲೇಲಿ. ಚೆನ್ನಾಗಿ ಒಣಗಿತ್ತು."

ಅವನು ಹೋಗಿ ಕೆಳಗಿನ ಮೆಟ್ಟಿಲಲ್ಲೇ ಕುಳಿತ. ಅವಳು ಕರೆಯಲಿಲ್ಲ, ಆದರೆ ಸ್ವಲ್ಪ ಸರಿದಳು. ಅವನು ಮೇಲೆ ಹತ್ತಿದ.

"ಇನ್ನೂ ಹೊಟ್ಟೆ ಉರಿಯುತ್ತಾ?" ಎಂದಳು.

ರೈಮೊ ಯೋಚಿಸಿದ. "ಒಂದೊಂದು ದಿನ. ನಿನ್ನೆ ಕೇಕು ಹಿಡ್ಕೊಂಡಿದ್ದಾಗ ಸ್ವಲ್ಪ."

"ಹೇಳಿದ್ಯಲ್ಲ, ಸಾಕು." ಅವಳು ಸೌಟು ಎತ್ತಿ ಕಲ್ಲಿನ ಮೇಲೆ ನೀರು ಎರಚಿದಳು. ಹಬೆ ಅಡಗಿದ ಮೇಲೆ ಕೇಳಿದಳು, "ನಿನ್ನೆ ನಿಮ್ಮ ಪಾಳೀಲಿ ಏನು ಮಾತಾಡಿದ್ರು?"

"ಮೀನು."

"ಮೀನು ಅಷ್ಟೇನಾ?"

"ಮೀನು ಅಷ್ಟೇ," ಎಂದ ರೈಮೊ. ಈ ಸಲ ಅದು ನಿಜವಾಗಿತ್ತು.